ತೆಕ್ಲಾಳ ಪಾಲಿನ ಬಟ್ಟಲು

"ಒಂದರೊಳಗೆ ಒಂದು ಇಡಬೇಡ ಅಂತ ಎಷ್ಟು ಸಲ ಹೇಳಲಿ ನಿಂಗೆ? ಅಂಚು ಒಡೆದ್ರೆ ಸತ್ತೋಳು ಎದ್ದು ಬಂದು ಬೈತಾಳೆ," ಎಂದು ಕಲಿನಾ ಏಣಿಯ ಬುಡದಿಂದ ಕೂಗಿದಳು.

"ಹಾಗಾದ್ರೆ ನೀನೇ ಹತ್ತು ಬಾ. ಇಲ್ಲಿ ತಲೆ ಎತ್ತೋಕೆ ಜಾಗ ಇಲ್ಲ. ಹೊಗೆಗೆ ತೂಗುಹಾಕಿದ ಹಂದಿಮಾಂಸಕ್ಕೂ ನನ್ನ ತಲೆಗೂ ಒಂದೇ ಗೂಟ ಆಗಿದೆ," ಎಂದ ಯುರ್ಕೋ. ಅವನ ಸೊಂಟದ ಮೇಲಿನ ಭಾಗ ಅಟ್ಟದೊಳಗಿತ್ತು, ಕೆಸರು ಮೆತ್ತಿದ ಬೂಟುಗಳು ಮಾತ್ರ ಕೆಳಗಿನವರಿಗೆ ಕಾಣುತ್ತಿದ್ದವು.

ಯುರ್ಕೋ ಒಂದೊಂದೇ ಬಟ್ಟಲನ್ನು ಕೆಳಗೆ ಚಾಚುತ್ತಿದ್ದ. ನೆರೆಮನೆಯ ಕಲಿನಾ ಅದನ್ನು ಇಸಿದುಕೊಂಡು ಹುಲ್ಲು ಬಿಡಿಸುತ್ತಿದ್ದಳು. ಯುರ್ಕೋನ ಹೆಂಡತಿ ವಸಿಲಿನಾ ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಯ ಬದಿಯ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದಳು. ಪ್ರತಿ ಬಟ್ಟಲಿನ ತಳಕ್ಕೆ ಒಂದು ಚೀಟಿ ಅಂಟಿಸಿತ್ತು. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಒಂದು ಹೆಸರು. ಅಕ್ಷರಗಳು ವಸಿಲಿನಾಳ ತಾಯಿ ಹಾಫಿಯಾಳವು.

ಹಾಫಿಯಾ ಪಕ್ಕದ ಕೋಣೆಯಲ್ಲಿ ಶವಪೆಟ್ಟಿಗೆಯೊಳಗೆ ಮಲಗಿದ್ದಳು. ಕನ್ನಡಿಗೆ ಕಸೂತಿಯ ಟವೆಲು ಹೊದಿಸಿತ್ತು. ಗಡಿಯಾರವನ್ನು ಮೊನ್ನೆ ಬೆಳಿಗ್ಗೆಯೇ ನಿಲ್ಲಿಸಿದ್ದರು. ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ಹೆಂಗಸರು ಎರಡು ಸಲ ಸೋಪು ಹಚ್ಚಿ ತೊಳೆದಿದ್ದರೂ, ಬಲಗೈಯ ಹೆಬ್ಬೆರಳಿನ ಉಗುರಿನ ಸುತ್ತ ಕಂದು ಬಣ್ಣ ಹಾಗೇ ಉಳಿದಿತ್ತು. ಅರವತ್ತು ವರ್ಷದ ಬಣ್ಣ, ಎರಡು ಸಲ ತೊಳೆದರೆ ಹೋಗುವಂಥದ್ದಲ್ಲ.

ಆ ಊರಿನಲ್ಲಿ ಸತ್ತವರ ಹೆಸರಿನಲ್ಲಿ ಪೆಟ್ಟಿಗೆಯ ಮೇಲಿಂದ ಒಂದು ಬಟ್ಟಲು, ಅದರಲ್ಲೊಂದು ಕೊಲಾಚ್ ಎಂಬ ಹೆಣೆದ ದುಂಡು ರೊಟ್ಟಿ, ರೊಟ್ಟಿಯ ನಡುವೆ ಒಂದು ಮೇಣದ ಬತ್ತಿ ಕೊಡುತ್ತಾರೆ. ಕೊಡುವವರು 'ಇವರ ಆತ್ಮಕ್ಕೆ' ಎನ್ನುತ್ತಾರೆ, ಇಸಿದುಕೊಳ್ಳುವವರು 'ದೇವರು ಕ್ಷಮಿಸಲಿ' ಎನ್ನುತ್ತಾರೆ. ಈಗೀಗ ಎಲ್ಲರೂ ಸಂತೆಯಲ್ಲಿ ಸಿಗುವ ಪಿಂಗಾಣಿ ತಟ್ಟೆ ತಂದು ಕೊಟ್ಟು ಮುಗಿಸುತ್ತಾರೆ. ಹಾಫಿಯಾ ಹಾಗೆ ಮಾಡುವವಳಲ್ಲ. ತನ್ನ ಸಾವಿನ ಬಟ್ಟಲುಗಳನ್ನು ತಾನೇ ಮಾಡಿಟ್ಟಿದ್ದಳು, ಮೂವತ್ತೊಂದು ಮನೆಗೆ ಮೂವತ್ತೊಂದು. ಯಾರಾದರೂ ಅವಳಿಗಿಂತ ಮುಂಚೆ ಸತ್ತರೆ ಚೀಟಿ ಕಿತ್ತು ಅವರ ಸೊಸೆಯ ಹೆಸರು ಬರೆದು ಅಂಟಿಸುತ್ತಿದ್ದಳು.

"ಅಯ್ಯೋ, ನಂದು ನೋಡೇ! ಕೋಳಿ! ಬಾಯಿ ತೆರೆದ ಕೋಳಿ!" ಎಂದು ಕಲಿನಾ ತನ್ನ ಹೆಸರಿನ ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಬದುಕಿದ್ದಾಗ ನೇರ ಹೇಳೋಕೆ ಆಗ್ಲಿಲ್ಲ, ಬಟ್ಟಲ ಮೇಲೆ ಬರೆದು ಹೋಗಿದ್ದಾಳೆ ಮುದುಕಿ."

ವಸಿಲಿನಾಳಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು.

ಬಟ್ಟಲುಗಳು ಚೆಂದವಾಗಿದ್ದವು ಎನ್ನುವಂತಿರಲಿಲ್ಲ. ಬಿಳಿಮಣ್ಣಿನ ಬಗ್ಗಡ ಬಳಿದು, ಮೊಳೆಯಿಂದ ಗೀರಿ ಬಿಡಿಸಿದ ಹಕ್ಕಿ, ಜಿಂಕೆ, ಕುದುರೆ ಸವಾರರ ಗೆರೆಗಳು ಇಂದಿಗೂ ಚುರುಕಾಗಿದ್ದವು. ಆದರೆ ಬಣ್ಣ ಸುಟ್ಟಂತಿತ್ತು. ಹಸಿರು ಕಪ್ಪಿಗೆ ತಿರುಗಿ ಅಂಚಿನಿಂದ ಜಾರಿತ್ತು, ಹಳದಿ ಬೆಲ್ಲದ ಬಣ್ಣಕ್ಕೆ ಇಳಿದಿತ್ತು. ಹಾಫಿಯಾ ಬಟ್ಟಲು ಬೇಯಿಸುವ ಆವಿಗೆಗೆ ಜಾಸ್ತಿ ಬೆಂಕಿ ಕೊಡುತ್ತಾಳೆ ಎಂಬುದು ಊರಿಗೆಲ್ಲ ಹಳೆಯ ಮಾತು.

"ಇದೇ ಕೊನೇದು," ಎಂದು ಯುರ್ಕೋ ಒಂದು ಬಟ್ಟಲನ್ನು ಕೆಳಗೆ ಚಾಚಿದ. "ಇದಕ್ಕೆ ಬಣ್ಣ ಹಾಕೋದು ಮರೆತಿದ್ದಾಳೆ ನಿಮ್ಮಮ್ಮ."

ಕಲಿನಾ ಹುಲ್ಲು ಕೊಡವಿದಳು. ಒಳಗೂ ಹೊರಗೂ ಒಂದು ಗೆರೆಯಿಲ್ಲ, ಒಂದು ಚುಕ್ಕೆಯಿಲ್ಲ. ಬರೀ ಬಿಳಿ. ಮೂರು ಬೆಂಕಿ ಕಂಡದ್ದರಿಂದ ಮೂಳೆಯಂತೆ ಗಟ್ಟಿಯಾಗಿ, ತುಸು ಹೊಗೆ ಹಿಡಿದ ಬಿಳಿ. ಅವಳು ಬಟ್ಟಲು ತಿರುಗಿಸಿ ಚೀಟಿ ಓದಿದಳು. ಮುಖ ಸಪ್ಪಗಾಯಿತು.

"ತೆಕ್ಲಾಗೆ," ಎಂದಳು. "ನನಗೆ ಕೋಳಿ, ನಮ್ಮ ಪಾದ್ರಿಗೆ ಜಿಂಕೆ, ನಮ್ಮೂರ ಆ ಕುಡುಕನಿಗೂ ಕುದುರೆ. ತೆಕ್ಲಾಗೆ ಬೋಳು ಬಟ್ಟಲು. ಇದನ್ನ ಕೊಡಬೇಡ ಕಣೇ ವಸಿಲಿನಾ. ಐವತ್ತು ವರ್ಷದ ಜಗಳಾನ ಪೆಟ್ಟಿಗೆ ಮೇಲಿಂದ ದಾಟಿಸಬಾರದು. ನಂದು ಕೊಡು ಬೇಕಾದ್ರೆ, ಕೋಳಿದು."

"ಅಮ್ಮ ಹೇಳಿದ್ದು ಇದನ್ನೇ," ಎಂದಳು ವಸಿಲಿನಾ. ಅದನ್ನು ಬೇರೆಯವಕ್ಕಿಂತ ಹೆಚ್ಚು ಹೊತ್ತು ಒರೆಸಿದಳು.

ಹೊರಗೆ ಮಂಜಿನಲ್ಲಿ ಕಾರು ನಿಂತ ಸದ್ದಾಯಿತು. ಲ್ವಿವ್ ಪಟ್ಟಣದ ಸೆವೆರಿನ್ ಬಂದಿದ್ದರು. ಹಳೆಯ ಬಟ್ಟಲು, ಹೂಜಿ, ಒಲೆಯ ಹಂಚುಗಳನ್ನು ಕೊಂಡು ಮನೆ ತುಂಬಿಸಿಕೊಳ್ಳುವ ಮನುಷ್ಯ. ಕಪ್ಪು ಕೋಟಿನಲ್ಲಿ, ಕೈಯಲ್ಲಿ ಹೂ ಹಿಡಿದು, ಬಾಗಿಲಲ್ಲೇ ಶಿಲುಬೆಯ ಗುರುತು ಮಾಡಿ, ಪೆಟ್ಟಿಗೆಯ ಬಳಿ ಬಹಳ ಹೊತ್ತು ನಿಂತರು. ಆಮೇಲೆ ಅಡುಗೆಕೋಣೆಗೆ ಬಂದು ಬೆಂಚಿನ ಮೇಲಿನ ಸಾಲು ನೋಡಿದರು. ಬೇಡವೆಂದರೂ ಕೈ ಒಂದರ ಮೇಲೆ ಹೋಯಿತು.

"ಕೈ ಎಂಥಾ ಕೈ," ಎಂದರು. "ಆದ್ರೆ ಬೆಂಕಿ! ಅರವತ್ತೊಂದನೇ ಇಸವಿದು ನನ್ನ ಹತ್ರ ಎರಡಿವೆ. ಮಳೆ ಬಂದ ಮಾರನೇ ದಿನದ ಹುಲ್ಲಿನ ಹಾಗೆ ಹಸಿರು. ಇಡೀ ಸೀಮೆಯಲ್ಲಿ ಅಂಥ ಹಸಿರು ಯಾರಿಗೂ ಬರಲಿಲ್ಲ. ಆಮೇಲೆ ಅದೇನಾಯ್ತೋ, ಅವರಿಗೂ ಬರಲಿಲ್ಲ. ಈ ಊರಲ್ಲಿ ಆ ವರ್ಷದ್ದು ಒಂದೇ ಉಳಿದಿದೆ. ತೆಕ್ಲಾ ಅಜ್ಜಿ ಗೋಡೆ ಮೇಲೆ. ಹತ್ತು ವರ್ಷದಿಂದ ಕೇಳ್ತಿದ್ದೀನಿ, ಕೊಡೋದಿಲ್ಲ."

"ನೀವು ಅವುಗಳಲ್ಲಿ ಉಣ್ತೀರಾ?" ಎಂದು ವಸಿಲಿನಾ ಕೇಳಿದಳು.

"ಉಣ್ಣೋದಾ? ಎಲ್ಲಾದರೂ ಉಂಟೆ! ಗೋಡೆಗೆ ಹಾಕೋದು."

"ಗೋಡೆಗೆ ಹಸಿವಾಗುತ್ತೆ ಪಾಪ," ಎಂದಳು ಕಲಿನಾ. "ಕೂತ್ಕೊಳಿ ಸ್ವಾಮಿ, ಚಳಿಯಲ್ಲಿ ಬಂದಿದ್ದೀರಿ. ಚಹಾ ಕುಡಿಯಿರಿ. ಗಾಜಿನ ಲೋಟದಲ್ಲೇ ಕೊಡ್ತೀನಿ, ಹೆದರಬೇಡಿ."

*

ಒಂಬತ್ತು ದಿನದ ಹಿಂದೆ, ಮಧ್ಯಾಹ್ನ, ಹಾಫಿಯಾ ಮಗಳನ್ನು ಹಾಸಿಗೆಯ ಬಳಿ ಕೂರಿಸಿಕೊಂಡಿದ್ದಳು.

"ಯಾರದು ಬಟ್ಟಲು ಕೆರೀತಿರೋದು?" ಎಂದು ಕೇಳಿದಳು.

"ಯಾರೂ ಇಲ್ಲಮ್ಮ. ಯುರ್ಕೋ ಸೌದೆ ತರೋಕೆ ಹೋಗಿದ್ದಾನೆ."

"ಮರದ ಚಮಚ. ತಳ ಕೆರೀತಿದೆ. ಮಗು ಕೆರೆಯೋ ಹಾಗೆ." ಅವಳು ಕಿವಿಗೊಟ್ಟಳು. "ನಿಂಗೆ ಕೇಳಿಸೋದಿಲ್ಲ ಬಿಡು. ನಿಂಗ್ಯಾಕೆ ಕೇಳಿಸಬೇಕು."

ಆಮೇಲೆ ಹೇಳಿದಳು. ನಡುನಡುವೆ ನೀರು ಕೇಳಿ, ಉಸಿರು ತೆಗೆದುಕೊಂಡು, ಒಂದು ಇಳಿಹೊತ್ತೆಲ್ಲ ಹೇಳಿದಳು.

ಅರವತ್ತೊಂದನೇ ಇಸವಿಯಲ್ಲಿ ಹಾಫಿಯಾಳಿಗೆ ಇಪ್ಪತ್ತೆಂಟು. ಕುಂಬಾರರ ಸಂಘದ ಕಾರ್ಖಾನೆಯಿಂದ ಕೀವ್ ನಗರದ ಪ್ರದರ್ಶನಕ್ಕೆ ಬಟ್ಟಲು ಕಳಿಸಬೇಕಿತ್ತು. ಲಾರಿ ಶುಕ್ರವಾರ ಹೊರಡುವುದೆಂದು ಗೊತ್ತಾಗಿತ್ತು. ಅವಳ ಆವಿಗೆ ಗುರುವಾರ ಬೆಳಿಗ್ಗೆಯೂ ಉರಿಯುತ್ತಿತ್ತು. ಇನ್ನೂ ಅರ್ಧ ದಿನದ ಬೆಂಕಿ ಬೇಕಿತ್ತು. ಗಂಡ ತಿಗರಿಯಲ್ಲಿ ಮಣ್ಣು ತಿರುಗಿಸುವ ಕೆಲಸ ಮಾತ್ರ ಮಾಡುತ್ತಿದ್ದ, ಬಣ್ಣವೂ ಬೆಂಕಿಯೂ ಅವಳದು. ಬೆಂಕಿ ಇಳಿಸಿ ಎಂದಳು. ಬಾಗಿಲು ತೆಗೆದಾಗ ಒಳಗಿನ ಹಸಿರು ನೋಡಿ ತಾನೇ ಬೆಚ್ಚಿಬಿದ್ದಳು. ಅಂಥ ಹಸಿರನ್ನು ಅವಳು ಹುಲ್ಲುಗಾವಲಿನಲ್ಲಿ ಮಾತ್ರ ಕಂಡಿದ್ದಳು. ಮುದುಕ ಕುಂಬಾರ ತಾನಾಸ್ ಒಂದು ಬಟ್ಟಲನ್ನು ಎತ್ತಿ ಮೂಸಿ, 'ಬೆಂದಿಲ್ಲ' ಎಂದು ಕೆಳಗಿಟ್ಟು ಹೋದ. ಮುದುಕನಿಗೆ ಹೊಟ್ಟೆಕಿಚ್ಚು ಎಂದುಕೊಂಡಳು.

ಹನ್ನೆರಡರಲ್ಲಿ ಹನ್ನೊಂದು ಲಾರಿ ಹತ್ತಿದವು. ಪೆಟ್ಟಿಗೆಯಲ್ಲಿ ಜಾಗ ಸಾಲದೆ ಉಳಿದದ್ದನ್ನು ಡಿಸೆಂಬರಿನಲ್ಲಿ, ಸಂತ ನಿಕೊಲಾಯನ ಹಬ್ಬದ ದಿನ, ತೆಕ್ಲಾಳ ಮಗನಿಗೆ ಕೊಟ್ಟಳು. ತೆಕ್ಲಾ ಅವಳ ಜೀವದ ಗೆಳತಿ. ಒಂದೇ ಬೆಂಚಿನ ಮೇಲೆ ಕೂತು ಬಣ್ಣ ಹಾಕಿದವರು, ಒಂದೇ ಬಟ್ಟಲಲ್ಲಿ ಉಂಡವರು. ಮಗ ಇಲ್ಕೋಗೆ ನಾಲ್ಕು ವರ್ಷ. ಬಟ್ಟಲಿನ ತಳದಲ್ಲಿ ಒಂದು ಹಸಿರು ಟಗರು ಇತ್ತು. ಮೊಸರು ಪೂರ್ತಿ ತಿಂದರೆ ಟಗರು ಹೊರಗೆ ಬರುತ್ತದೆ ಎಂದು ಅವಳೇ ಅವನಿಗೆ ಹೇಳಿಕೊಟ್ಟಳು. ಆ ಚಳಿಗಾಲವೆಲ್ಲ ಹುಡುಗ ಬೇರೆ ಬಟ್ಟಲು ಮುಟ್ಟಲಿಲ್ಲ. ದಿನಕ್ಕೆರಡು ಸಲ ಹುಳಿಮೊಸರು. ಟಗರು ಕಾಣುವವರೆಗೆ ಕೆರೆಯುತ್ತಿದ್ದ.

ಫೆಬ್ರವರಿಯಲ್ಲಿ ಹೊಟ್ಟೆನೋವು ಶುರುವಾಯಿತು. ಮುಖ ಮೇಣದಂತಾಯಿತು. ಡಾಕ್ಟರು ಹುಳು ಎಂದರು, ಆಮೇಲೆ ಬೇರೆ ಏನೋ ಹೆಸರು ಹೇಳಿದರು. ಈಸ್ಟರ್ ಹಬ್ಬದ ಹಿಂದಿನ ವಾರ ಕೈಕಾಲು ಸೆಟೆದುಕೊಂಡು ಹೋಗಿಬಿಟ್ಟ.

ಹಾಫಿಯಾಳಿಗೆ ಕೀವ್‌ನಿಂದ ಬಹುಮಾನದ ಕಾಗದ ಬಂತು. ಜೊತೆಗೆ ಮಾರಾಟವಾಗದ ಎರಡು ಬಟ್ಟಲು ವಾಪಸು ಬಂದವು. ಬೇಸಿಗೆಯಲ್ಲಿ ಒಂದರಲ್ಲಿ ಹುಳಿ ಎಲೆಕೋಸು ಹಾಕಿಟ್ಟು ಮರೆತಳು. ಮೂರನೇ ದಿನ ನೋಡಿದರೆ ಒಳಗಿನ ಮೆರುಗು ಸತ್ತಿತ್ತು, ಪೊರೆ ಬಂದ ಕಣ್ಣಿನಂತೆ ಮಬ್ಬಾಗಿತ್ತು. ಅದನ್ನು ಶಾಲಿನಲ್ಲಿ ಮುಚ್ಚಿಕೊಂಡು ತಾನಾಸ್ ಮುದುಕನ ಹತ್ತಿರ ಓಡಿದಳು.

'ಸೀಸ,' ಎಂದ ಮುದುಕ. 'ಮೆರುಗಲ್ಲಿರೋ ಸೀಸ ಬೆಂದು ಗಾಜಾಗಬೇಕು. ಬೇಯದಿದ್ರೆ ಹುಳಿ ಅದನ್ನ ನೆಕ್ಕಿ ತೆಗೀತದೆ. ತಾಮ್ರದ ಹಸಿರಿದ್ರೆ ಇನ್ನೂ ಬೇಗ. ಇದರಲ್ಲಿ ಯಾರೂ ಉಂಡಿಲ್ವಲ್ಲ?'

'ಇಲ್ಲ,' ಎಂದಳು ಹಾಫಿಯಾ.

ಅಲ್ಲಿಂದ ನೇರ ತೆಕ್ಲಾಳ ಮನೆಗೆ ಹೋದಳು. ತೆಕ್ಲಾ ಮತ್ತೆ ಬಸುರಿಯಾಗಿದ್ದಳು. ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಯಿಗೆ ಬಂದ ಮಾತು ಹಿಂದಕ್ಕೆ ಹೋಯಿತು. ಬದಲಿಗೆ ಬೇರೆ ಮಾತು ಬಂತು. 'ಆ ಬಟ್ಟಲು ನಂಗೆ ವಾಪಸ್ ಕೊಡು ತೆಕ್ಲಾ.'

ಅಷ್ಟೇ. ಬಹುಮಾನ ಬಂದ ಮೇಲೆ ಹಾಫಿಯಾ ಸತ್ತ ಮಗುವಿನ ಬಟ್ಟಲನ್ನೂ ಬಿಡಲಿಲ್ಲ ಎಂದು ಊರು ಆಡಿಕೊಂಡಿತು. ತೆಕ್ಲಾ ಅವಳನ್ನು ಬಾಗಿಲಿಂದ ಹೊರಗೆ ನೂಕಿದಳು. ಬಟ್ಟಲನ್ನು ಗೋಡೆಗೆ ಹಾಕಿದಳು. ಹಾಫಿಯಾ ಎಲ್ಲವನ್ನೂ ಹೊತ್ತುಕೊಂಡಳು. ದುರಾಸೆಯ ಹೆಸರು ಹಗುರವಾಗಿತ್ತು, ಇನ್ನೊಂದು ಹೆಸರಿನ ಮುಂದೆ.

"ನನ್ನ ಬಟ್ಟಲು ಅವಳ ಕೈಗೆ ಕೊಡು," ಎಂದಳು ಮಗಳಿಗೆ. "ಆದ್ರೆ ಕೊಡೋ ಮೊದ್ಲು ಹೇಳು. ತಿಳಿಯದೆ ಅವಳು 'ದೇವರು ಕ್ಷಮಿಸಲಿ' ಅಂದ್ರೆ ಅದು ಕದ್ದ ಮಾಲು. ಅದನ್ನ ಹೊತ್ಕೊಂಡು ನಾನು ಹೋಗಲಾರೆ. ಕೇಳಿಸ್ತಾ? ಮೊದ್ಲು ಹೇಳು."

"ನೀನೇ ಹೇಳಮ್ಮ. ಈಗಲೇ ಕರ್ಕೊಂಡ್ ಬರ್ತೀನಿ ಅವರನ್ನ."

ಹಾಫಿಯಾ ಗೋಡೆಯ ಕಡೆ ಮುಖ ತಿರುಗಿಸಿದಳು. "ಧೈರ್ಯ ಇದ್ದಿದ್ರೆ," ಎಂದಳು, "ನಿನಗ್ಯಾಕೆ ಹೇಳ್ತಿದ್ದೆ."

*

ಪಾದ್ರಿ ಬರುವುದಕ್ಕೆ ಇನ್ನೂ ಒಂದು ಗಂಟೆಯಿತ್ತು. ವಸಿಲಿನಾ ಶಾಲು ಹೊದ್ದು ಹೊಳೆಯ ಬದಿಯ ದಾರಿ ಹಿಡಿದಳು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೇಲಿಯ ಗೂಟಗಳು ಒಂದೊಂದಾಗಿ ಎದುರು ಬಂದು ನಿಲ್ಲುವಂತಿದ್ದವು. ಸತ್ತವರ ಮನೆಯಿಂದ ಮರದ ಉದ್ದ ಕಹಳೆಯ ದನಿ ಆಗಾಗ ಬೆನ್ನಟ್ಟಿ ಬರುತ್ತಿತ್ತು.

ತೆಕ್ಲಾ ಒಲೆಯ ಮುಂದೆ ಕೂತು ಹುರುಳಿಬೀಜ ಆರಿಸುತ್ತಿದ್ದಳು. ಎಪ್ಪತ್ತೊಂಬತ್ತರ ಸಣ್ಣ ಹೆಂಗಸು. ತಲೆ ಎತ್ತಲಿಲ್ಲ.

"ಬಾಗಿಲು ಹಾಕು, ಬಿಸಿ ಹೋಗ್ತದೆ."

ವಸಿಲಿನಾ ಹಾಕಿದಳು. ಈ ಮನೆಯೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಎದುರಿನ ಗೋಡೆಯ ಮೇಲೆ, ದೇವರ ಪಟಗಳಿಗಿಂತ ಒಂದು ಗೇಣು ಕೆಳಗೆ, ಅದು ಇತ್ತು. ಅಡುಗೆಯ ಹೊಗೆಗೆ ಮನೆಯೆಲ್ಲ ಕಂದಾಗಿದ್ದರೂ ಅದೊಂದು ಮಾತ್ರ ನಿನ್ನೆ ಆವಿಗೆಯಿಂದ ಬಂದಂತೆ ಹಸಿರಾಗಿ ಹೊಳೆಯುತ್ತಿತ್ತು. ತಳದ ನಡುವೆ ಮೆರುಗು ಸವೆದು ಮಬ್ಬಾಗಿತ್ತು. ಆ ಮಬ್ಬಿನೊಳಗಿಂದ ಟಗರಿನ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

"ನೋಡಿದ್ದಾಯ್ತಾ?" ಎಂದಳು ತೆಕ್ಲಾ. "ಸಾಯೋವಾಗಲೂ ವಾಪಸ್ ಕೇಳಿದ್ಲಾ?"

"ಇಲ್ಲ ಚಿಕ್ಕಮ್ಮ. ನೀವು ಬರಬೇಕು ಅಂದ್ಲು. ನಿಮ್ಮ ಹೆಸರಲ್ಲಿ ಒಂದು ಬಟ್ಟಲು ಮಾಡಿಟ್ಟಿದ್ದಾಳೆ. ಅದನ್ನ ಕೊಡೋಕೆ ಮೊದ್ಲು ನಿಮಗೊಂದು ಮಾತು..."

"ಅವಳ ಮಾತು ಅವಳು ಹೇಳಲಿ."

"ಅವಳು ಸತ್ತಿದ್ದಾಳೆ ಚಿಕ್ಕಮ್ಮ."

"ಐವತ್ತೆರಡು ವರ್ಷ ಸತ್ತಿರ್ಲಿಲ್ವಲ್ಲ!" ತೆಕ್ಲಾಳ ಕೈಯಿಂದ ಬೀಜಗಳು ಮೊರಕ್ಕೆ ಸುರಿದವು. "ಭಾನುವಾರ ಭಾನುವಾರ ನನ್ನ ಬೇಲಿ ಮುಂದೇನೇ ಹೋಗ್ತಿದ್ಲು ಚರ್ಚಿಗೆ. ಕಾಲಿತ್ತು, ನಾಲಿಗೆ ಇತ್ತು. ಈಗ ಮಗಳನ್ನ ಕಳಿಸಿದ್ದಾಳೆ. ನೀನು ಹೋಗು ವಸಿಲಿನಾ. ನಿನ್ನ ಮೇಲೆ ನಂಗೇನೂ ಇಲ್ಲ. ಮನೇಲಿ ಹೆಣ ಇಟ್ಕೊಂಡು ಬೀದಿ ತಿರುಗಬಾರದು."

"ಬರ್ತೀರೋ ಇಲ್ವೋ ಅಷ್ಟಾದ್ರೂ ಹೇಳಿ."

ತೆಕ್ಲಾ ಮತ್ತೆ ಬೀಜ ಆರಿಸತೊಡಗಿದಳು. ಕೆಟ್ಟವನ್ನು ಒಲೆಗೆ ಎಸೆಯುತ್ತಿದ್ದಳು.

*

ಹಾಫಿಯಾಳ ಉಳಿದ ಬದುಕಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕಾರ್ಖಾನೆ, ಹಸು, ಆಲೂಗಡ್ಡೆ, ಒಬ್ಬಳೇ ಮಗಳು, ಕುಡಿಯದೆ ಜಗಳವಾಡದೆ ಬೇಗ ಸತ್ತುಹೋದ ಗಂಡ. ಶನಿವಾರ ಕೊಸಿವ್ ಸಂತೆಯಲ್ಲಿ ಅವಳ ಬಟ್ಟಲುಗಳು ಎಲ್ಲರದಕ್ಕಿಂತ ಕೊನೆಗೆ ಮಾರಾಟವಾಗುತ್ತಿದ್ದವು. ಕಪ್ಪು ತಿರುಗಿದ ಹಸಿರು ಯಾರಿಗೆ ಬೇಕು? ಕಾರ್ಖಾನೆಯ ಮೇಲಿನವರು ಸೌದೆ ಹಾಳು ಮಾಡುತ್ತಾಳೆಂದು ಎರಡು ಸಲ ಬೈದರು. ಅವಳು ಮನೆಯ ಹಿತ್ತಿಲಲ್ಲೇ ಸಣ್ಣ ಆವಿಗೆ ಕಟ್ಟಿಕೊಂಡಳು. ಬೆಂದದ್ದನ್ನು ಮತ್ತೆ ಬೇಯಿಸುತ್ತಿದ್ದಳು. ಸಣ್ಣವಳಿದ್ದಾಗ ವಸಿಲಿನಾ ಕೇಳಿದ್ದಳು, 'ಆಯ್ತಲ್ಲಮ್ಮ, ಇನ್ನೂ ಯಾಕೆ?' ತಾಯಿ ಬಟ್ಟಲಿಗೆ ವಿನಿಗರ್ ಸುರಿದು ಮೂರು ದಿನ ಕಿಟಕಿಯಲ್ಲಿಟ್ಟು, ಬೆಳಕಿಗೆ ಹಿಡಿದು ಹಿಡಿದು ನೋಡುತ್ತಿದ್ದಳು. ಊಟದ ಹೊತ್ತಿಗೆ ಮಗಳು ತಳ ಕೆರೆದರೆ ಮಾತ್ರ ಚಮಚ ಕಿತ್ತುಕೊಂಡು ಹೊಡೆಯುತ್ತಿದ್ದಳು. ಬೇರೆ ಯಾವುದಕ್ಕೂ ಅವಳು ಮಗಳ ಮೇಲೆ ಕೈ ಎತ್ತಿದ್ದಿಲ್ಲ.

*

ಪೆಟ್ಟಿಗೆಯನ್ನು ಮನೆಗೆ ವಿದಾಯವೆಂದು ಹೊಸ್ತಿಲಿಗೆ ಮೂರು ಸಲ ತಾಗಿಸಿ ಹೊರಗೆ ತಂದರು. ಮೂರನೆಯ ಸಲ ತಾಗಿಸುವಾಗ ಕಲಿನಾ ಜೋರಾಗಿ ಅತ್ತಳು. ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲೆ ಪೆಟ್ಟಿಗೆ ಇಟ್ಟರು. ಒಳಗೆ ಅದನ್ನು ಇಟ್ಟಿದ್ದ ಬೆಂಚನ್ನು ಯಾರೋ ಬೋರಲು ಮಾಡಿದ ಸದ್ದು ಕೇಳಿಸಿತು. ಪಾದ್ರಿ ಪ್ರಾರ್ಥನೆ ಮುಗಿಸಿ ಧೂಪದ ಸರಪಳಿಯನ್ನು ಕೈಗೆ ಸುತ್ತಿಕೊಂಡರು.

ವಸಿಲಿನಾ ಪೆಟ್ಟಿಗೆಯ ಒಂದು ಬದಿ ನಿಂತಳು. ಎದುರು ಬದಿಗೆ ಒಬ್ಬೊಬ್ಬರೇ ಬಂದರು.

"ತಗೊಳ್ಳಿ, ನಮ್ಮಮ್ಮನ ಆತ್ಮಕ್ಕೆ."

"ದೇವರು ಕ್ಷಮಿಸಲಿ."

ಬತ್ತಿ ಹಚ್ಚಿದ ಬಟ್ಟಲುಗಳು ಹಾಫಿಯಾಳ ಮುಖದ ಮೇಲಿಂದ ಒಂದೊಂದಾಗಿ ದಾಟಿದವು. ಪ್ರತಿ ಬಾರಿ ಬೆಳಕು ಅವಳ ಕೆನ್ನೆಯ ಮೇಲೆ ಸರಿದು ಹೋಗುತ್ತಿತ್ತು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಆಡಿದಂತೆ ಕಾಣುತ್ತಿತ್ತು. ವಸಿಲಿನಾ ಆ ಕಡೆ ನೋಡದಿರಲು ಯತ್ನಿಸಿದಳು.

ಮೂವತ್ತು ಮುಗಿದವು. ಉಳಿದದ್ದು ಒಂದು. ಜನ ಬೇಲಿಯ ಕಡೆ ತಿರುಗಿದರು. ಮಂಜಿನಲ್ಲಿ ಏನೂ ಕಾಣಲಿಲ್ಲ.

"ಬರೋದಿಲ್ಲ ಬಿಡು," ಎಂದು ಯುರ್ಕೋ ಪಿಸುಗುಟ್ಟಿದ. "ಹೊರಡೋಣ."

"ಇನ್ನೊಂದು ಗಳಿಗೆ."

"ಅತ್ತೆ ಬಣ್ಣ ಒಣಗಲಿ ಅಂತ ಕಾಯ್ತಿದ್ದ ಹಾಗೆ ಕಾಯ್ತೀಯಲ್ಲ ನೀನೂ."

ಆಗ ಜನ ದಾರಿ ಬಿಟ್ಟರು. ತೆಕ್ಲಾ ಕಪ್ಪು ಶಾಲಿನಲ್ಲಿ, ಯಾರ ಕೈಯನ್ನೂ ಹಿಡಿಯದೆ ನಡೆದು ಬಂದು ಪೆಟ್ಟಿಗೆಯ ಆ ಬದಿ ನಿಂತಳು. ಹಾಫಿಯಾಳ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದಳು.

"ಎಷ್ಟು ಸಣ್ಣಗಾಗಿದ್ದಾಳೆ," ಎಂದಳು, ತನ್ನಷ್ಟಕ್ಕೆ.

ವಸಿಲಿನಾ ಬತ್ತಿ ಹಚ್ಚಿ ಬಟ್ಟಲು ಎತ್ತಿದಳು. ಹಿಂದೆ ಗುಸುಗುಸು ಎದ್ದಿತು. 'ಬೋಳು ಬಟ್ಟಲು... ಎಲ್ಲರಿಗೂ ಹಕ್ಕಿ, ಹೂವು... ಇವಳಿಗೆ ಒಂದು ಗೆರೆ ಎಳೆಯೋಕೂ ಮನಸ್ಸಾಗ್ಲಿಲ್ವಾ...' ಯಾರೋ ಗಂಡಸು ತುಸು ಜೋರಾಗಿಯೇ ಅಂದ: "ಸತ್ತ ಮೇಲೂ ಹಟ ನೋಡು."

ವಸಿಲಿನಾಳ ಕೈ ಪೆಟ್ಟಿಗೆಯ ಮೇಲೆ ಅರ್ಧದಲ್ಲೇ ನಿಂತಿತು. ಈಗ ಕೊಟ್ಟರೆ ಆಗಿಹೋಗುತ್ತದೆ. ತೆಕ್ಲಾ ಬಂದಿದ್ದಾಳೆ, ಎರಡು ಪದ ಹೇಳುತ್ತಾಳೆ, ಯಾರಿಗೂ ಏನೂ ತಿಳಿಯದೆ ಮಣ್ಣಾಗುತ್ತದೆ. ಬಟ್ಟಲನ್ನು ಅವಳು ಮತ್ತೆ ತನ್ನ ಎದೆಗೆ ತಂದುಕೊಂಡಳು.

"ಹಟ ಅಲ್ಲ," ಎಂದಳು. "ಬಣ್ಣ ಹಾಕೋಕೆ ಹೆದರಿದ್ಲು. ಇದಕ್ಕೆ ಸೀಸದ ಮೆರುಗು ಹಾಕಿಲ್ಲ, ಹಸಿರು ಹಾಕಿಲ್ಲ. ಮೂರು ಸಲ ಬೇಯಿಸಿದ್ದಾಳೆ. ಚಿಕ್ಕಮ್ಮ, ಇಲ್ಕೋಗೆ ಕೊಟ್ಟ ಬಟ್ಟಲು ಬೆಂದಿರ್ಲಿಲ್ಲ. ಲಾರಿ ಹೋಗ್ತದೆ ಅಂತ ಅಮ್ಮ ಬೆಂಕಿ ಬೇಗ ಇಳಿಸಿದ್ಲು. ಮಗು ಹೋಗಿದ್ದು ಹುಳುವಿನಿಂದ ಅಲ್ಲ, ಆ ಬಟ್ಟಲಿನ ಸೀಸದಿಂದ. ಅವಳಿಗೆ ತಿಳಿದಿದ್ದು ಆಮೇಲೆ. ಹುಟ್ಟೋ ಮಗುವೂ ಅದರಲ್ಲಿ ಉಣ್ಣಬಾರದು ಅಂತ ವಾಪಸ್ ಕೇಳಿದ್ಲು. ಯಾಕೆ ಅಂತ ಹೇಳೋಕೆ ಆಗ್ಲಿಲ್ಲ. ಕೊಡೋ ಮೊದ್ಲು ಇದನ್ನ ಹೇಳು ಅಂದಿದ್ಲು. ಹೇಳಿದ್ದೀನಿ."

ಕಹಳೆಯವನು ಕಹಳೆ ಕೆಳಗಿಳಿಸಿದ. ಅಂಗಳದಲ್ಲಿ ಮೇಣದ ಬತ್ತಿಗಳು ಚಟಪಟ ಎನ್ನುತ್ತಿದ್ದವು. ಬೇಲಿಯ ಬಳಿ ನಿಂತಿದ್ದ ಸೆವೆರಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಂಗೆ ಗೊತ್ತಿತ್ತು," ಎಂದಳು ತೆಕ್ಲಾ.

ಅವಳು ಸೆವೆರಿನ್ ಕಡೆ ಗದ್ದ ಎತ್ತಿ ತೋರಿಸಿದಳು.

"ಆ ಲ್ವಿವ್‌ನೋರು ಹೇಳಿದ್ರು. ಹತ್ತು ವರ್ಷ ಆಯ್ತು. ಗೋಡೆ ಮೇಲಿಂದ ಇಳಿಸಿ ನೋಡಿ, 'ಅಜ್ಜಿ, ಇದರಲ್ಲಿ ಹುಳಿಗಿಳಿ ಹಾಕಿ ತಿಂದೀರಿ, ಜೋಕೆ, ಪ್ರಾಣ ಹೋಗ್ತದೆ' ಅಂತ ನಗ್ತಾ ಹೇಳಿದ್ರು. ಅವರೇನು ಕಂಡಿದ್ರು ಪಾಪ. ಅವರು ಹೋದ್ಮೇಲೆ ನಾನು ಬೆಂಚಿಂದ ಏಳಲಿಲ್ಲ. ಯಾಕೆ ವಾಪಸ್ ಕೇಳಿದ್ಲು ಅಂತ ಅವತ್ತು ಗೊತ್ತಾಯ್ತು. ಈ ಮುದುಕಿ ಹಿತ್ತಿಲಲ್ಲಿ ಯಾಕೆ ಮೂರು ಮೂರು ದಿನ ಹೊಗೆ ಏಳ್ತದೆ ಅಂತಾನೂ ಗೊತ್ತಾಯ್ತು. ಆಮೇಲೆ ಹತ್ತು ವರ್ಷ ಭಾನುವಾರ ಬೆಳಿಗ್ಗೆ ಗೇಟಿನ ಚಿಲಕ ತೆಗೆದಿಟ್ಟೆ." ಅವಳು ಪೆಟ್ಟಿಗೆಯ ಮೇಲೆ ಬಾಗಿದಳು. ಎದುರು ಕೂತವಳಿಗೆ ಹೇಳುವಂತೆ ಹೇಳಿದಳು: "ಒಂದು ಸಲ ಗೇಟು ತಳ್ಳೋಕೆ ಏನಾಗಿತ್ತೇ ನಿಂಗೆ? ಹೊಡೀತಿದ್ದೆ, ನಿಜ. ಕೂದಲು ಹಿಡಿದು ಎಳೀತಿದ್ದೆ. ಆಮೇಲೆ? ಆಮೇಲೆ ಇಬ್ರೂ ಕೂತು ಅವನಿಗಾಗಿ ಅಳಬಹುದಿತ್ತಲ್ಲೇ. ಅವನನ್ನ ಎತ್ತಿ ಆಡಿಸಿದೋಳು ನೀನೊಬ್ಬಳೇ ಉಳಿದಿದ್ದೆ."

ಪಾದ್ರಿ ಕೆಮ್ಮಿದರು. "ತೆಕ್ಲಾ, ಹೊತ್ತಾಗ್ತಿದೆ. ಹೇಳೋ ಮಾತು ಹೇಳಮ್ಮ."

"ನನ್ನ ಪಾಲಿಂದು ನಾನು ಹೇಳ್ತೀನಿ. ಮಗೂದು ನನ್ನ ಕೈಲಿಲ್ಲ. ಅವಳು ಹೇಗಿದ್ರೂ ಅಲ್ಲಿಗೇ ಹೊರಟಿದ್ದಾಳೆ, ಅವನನ್ನೇ ಕೇಳ್ಕೊಳ್ಲಿ."

ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡಳು. "ದೇವರು ಕ್ಷಮಿಸಲಿ, ಹಾಫಿಯಾ."

ಗಂಡಸರು ಪೆಟ್ಟಿಗೆ ಹೆಗಲಿಗೇರಿಸಿದರು.

*

ಮಣ್ಣು ಮಾಡಿ ಬಂದು ಎಲ್ಲರೂ ಕೈ ತೊಳೆದು ಉದ್ದನೆಯ ಮೇಜುಗಳಿಗೆ ಕೂತರು. ಹಾಫಿಯಾ ಹೇಳಿಹೋದಂತೆ ಅವರವರ ಪಾಲಿನ ಬಟ್ಟಲು ಅವರವರ ಮುಂದೆ ಇತ್ತು. ಜೇನು ಬೆರೆಸಿದ ಗೋಧಿಯನ್ನು ಪಾದ್ರಿ ಹರಸಿದರು, ಎಲ್ಲರೂ ಮೂರು ಮೂರು ಚಮಚ ತಿಂದರು. ಕಲಿನಾ ಬೋರ್ಶ್ ಬಡಿಸುತ್ತ ಹೋದಳು. ಬೀಟ್‌ರೂಟನ್ನು ವಾರಗಟ್ಟಲೆ ಹುಳಿ ಬರಿಸಿ, ಹುರುಳಿಬೀಜವೂ ಅಣಬೆಯೂ ಹಾಕಿ ಕುದಿಸಿದ ಕೆಂಪು ಸಾರು. ಹುಳಿಯ ವಾಸನೆ ಮನೆ ತುಂಬಿತು.

ಯಾರೂ ಚಮಚ ಎತ್ತಲಿಲ್ಲ.

ಮೊದಲು ವಸಿಲಿನಾಳಿಗೆ ಅರ್ಥವಾಗಲಿಲ್ಲ. ಪ್ರಾರ್ಥನೆ ಬಾಕಿ ಇದೆಯೇನೋ ಎಂದು ಪಾದ್ರಿಯ ಕಡೆ ನೋಡಿದಳು. ಪಾದ್ರಿ ತಮ್ಮ ಬಟ್ಟಲಿನೊಳಗಿನ ಜಿಂಕೆಯನ್ನು ನೋಡುತ್ತಿದ್ದರು. ಒಬ್ಬಳು ಮೊಮ್ಮಗಳ ಕೈಯಿಂದ ಮೆಲ್ಲಗೆ ಚಮಚ ಬಿಡಿಸಿಕೊಂಡು ಮೇಜಿನ ಮೇಲಿಟ್ಟಳು. ಯುರ್ಕೋನ ಸೋದರಮಾವ ಬ್ರೆಡ್ಡು ಮುರಿದು, ಅದನ್ನು ಮಾತ್ರ, ಬರಿದೇ ಅಗಿಯುತ್ತಿದ್ದ. ಕಪ್ಪು ತಿರುಗಿದ ಹಸಿರಿನ ಮೇಲೆ ಕೆಂಪು ಹುಳಿಸಾರು ಆರುತ್ತ ಕೂತಿತ್ತು.

"ಬಿಸಿ ಇದೆ," ಎಂದಳು ಕಲಿನಾ, ಯಾರೂ ಕೇಳದಿದ್ದರೂ. ಅವಳೂ ತನ್ನ ಬಟ್ಟಲು ಮುಟ್ಟಿರಲಿಲ್ಲ.

ಆಗ ವಸಿಲಿನಾಳಿಗೆ ಅರ್ಥವಾಯಿತು. ತಾಯಿಯ ಮಾತು ನಡೆಸಿ ತಾಯಿಯ ಊಟವನ್ನು ತಾನೇ ಕೆಡಿಸಿದ್ದಳು. ನಾಳೆ ಬೆಳಿಗ್ಗೆ ಈ ಬಟ್ಟಲುಗಳೆಲ್ಲ ಬೇಲಿಯಾಚೆ ಬಿದ್ದಿರುತ್ತವೆ, ಇಲ್ಲ ಸೆವೆರಿನ್ ಅವರ ಕಾರಿನಲ್ಲಿರುತ್ತವೆ. 'ಇವು ಬೆಂದಿವೆ' ಎಂದು ಹೇಳಲು ಬಾಯಿ ತೆರೆದಳು. ಸೀಸದ ಮಾತಾಡಿದ ಬಾಯಿ ಅದೇ ಅಲ್ಲವೇ, ಯಾರು ನಂಬುತ್ತಾರೆ ಎಂದು ಮತ್ತೆ ಮುಚ್ಚಿದಳು.

ಮೇಜಿನ ಆ ತುದಿಯಲ್ಲಿ ತೆಕ್ಲಾ ತನ್ನ ಬಿಳಿ ಬಟ್ಟಲನ್ನು ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿದಳು. ಚೆನ್ನಾಗಿ ಬೆಂದ ಮಣ್ಣಿನ ಸದ್ದು ಸಣ್ಣ ಗಂಟೆಯಂತೆ ಹೊರಟು ಬಹಳ ಹೊತ್ತು ನಿಂತಿತು. ಎಲ್ಲರೂ ತಲೆ ಎತ್ತಿದರು. ಆಮೇಲೆ ಅವಳು ಅದನ್ನು ಪಕ್ಕದವನ ಮುಂದೆ ಸರಿಸಿ, ಅವನ ಕುದುರೆಯ ಬಟ್ಟಲನ್ನು ತನ್ನ ಮುಂದೆ ಎಳೆದುಕೊಂಡಳು. ಅದು ಆ ಕುಡುಕನದು. ಊರಿನವರ ಪಾಲಿನ ಬಟ್ಟಲುಗಳ ಪೈಕಿ ಅದರಲ್ಲೇ ಹಸಿರು ಎಲ್ಲಕ್ಕಿಂತ ಹೆಚ್ಚು ಬಳಿದಿತ್ತು.

"ಅಜ್ಜಿ, ಅದು ನಂದು," ಎಂದ ಅವನು ಕ್ಷೀಣವಾಗಿ.

"ನೀನು ತಿಂತಿಲ್ವಲ್ಲ."

ಅವಳು ಚಮಚ ತುಂಬಿಕೊಂಡಳು. ಊದಿದಳು. ನುಂಗಿದಳು. ಇನ್ನೊಂದು ತುಂಬಿಕೊಂಡಳು. ಅವಳ ಗಂಟಲು ಏರಿ ಇಳಿಯುವುದನ್ನು ಮನೆಮಂದಿಯೆಲ್ಲ ನೋಡುತ್ತಿದ್ದರು. ನಾಲ್ಕನೆಯ ಚಮಚದ ನಂತರ ಅವಳು ಬಾಯಿ ಒರೆಸಿಕೊಂಡು ಕಲಿನಾಳ ಕಡೆ ತಿರುಗಿದಳು.

"ಯಾರೇ ಮಾಡಿದ್ದು ಇದನ್ನ? ಉಪ್ಪು ಕಮ್ಮಿ."

"ಕಮ್ಮಿನಾ?" ಕಲಿನಾಳಿಗೆ ಅಳುವೋ ಸಿಟ್ಟೋ ಗೊತ್ತಾಗಲಿಲ್ಲ. "ನಾಲ್ಕು ಸಲ ರುಚಿ ನೋಡಿ ಹಾಕಿದ್ದೀನಿ!"

"ಹಾಗಾದ್ರೆ ನಿನ್ನ ನಾಲಿಗೆ ಕೆಟ್ಟಿದೆ. ಕೊಡು ಇಲ್ಲಿ."

ಕಲಿನಾ ಉಪ್ಪು ತುಂಬಿದ ಮರದ ಮರಿಗೆಯನ್ನು ತಂದು ಕುಕ್ಕಿದಳು. ತೆಕ್ಲಾ ಒಂದು ಚಿಟಿಕೆ ಹಾಕಿಕೊಂಡು, ಮರಿಗೆಯನ್ನು ಪಕ್ಕದವನ ಮುಂದೆ ತಳ್ಳಿದಳು. ಕುಡುಕ ಸ್ವಲ್ಪ ಹೊತ್ತು ಅದನ್ನೇ ನೋಡಿದ. ತನ್ನ ಮುಂದೆ ಉಳಿದಿದ್ದ ಬಿಳಿ ಬಟ್ಟಲಿನ ಸಾರಿಗೆ ಒಂದು ಚಿಟಿಕೆ ಉದುರಿಸಿ ಮರಿಗೆಯನ್ನು ಮುಂದಕ್ಕೆ ದಾಟಿಸಿದ. ಪಾದ್ರಿ ಒಂದು ಚಿಟಿಕೆ ಹಾಕಿಕೊಂಡು ಚಮಚ ಎತ್ತಿದರು. ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದವಳು ತನಗೊಂದು ಚಿಟಿಕೆ, ತಡೆದು ನೋಡಿ, ಮಗುವಿನ ಬಟ್ಟಲಿಗೊಂದು ಚಿಟಿಕೆ ಹಾಕಿದಳು. ಮರಿಗೆ ಕೈಯಿಂದ ಕೈಗೆ ದಾಟುತ್ತ, ಮೇಜಿನ ತುದಿಯಲ್ಲಿ ತಿರುವಿ, ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದ ವಸಿಲಿನಾಳ ಕಡೆ ಮೆಲ್ಲಗೆ ಬರುತ್ತಿತ್ತು.